ಕೈಗೆ ಕೂರುವ ಕ್ಯಾಮೆರಾ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ‘ಅಲುಗಬೇಡಿ ಅಕ್ಕ’ ಎಂದು. ಇಪ್ಪತ್ತಾರು ವರ್ಷ ಒಂದೇ ಸ್ಟುಡಿಯೋದಲ್ಲಿ ನಿಂತು, ಗುರುತಿನ ಚೀಟಿಗೆಂದು ಬಂದ ಮುಖಗಳಿಗೆಲ್ಲ ಅದೊಂದು ಮಾತು ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು.

ಅವಳ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡಿದು ವರ್ಷವಾಗುತ್ತ ಬಂದಿತ್ತು. ಮೇಜಿಗೆ ಮೊಣಕೈ ಊರಿ ಫೋಟೋ ತಿದ್ದಿ ತಿದ್ದಿ ಅಲ್ಲಿನ ನರ ಅದುಮಿಹೋಗಿದೆ, ಆಪರೇಷನ್ ಮಾಡಿಸಿದರೆ ಸರಿಹೋದರೂ ಹೋಗಬಹುದು ಎಂದು ವೈದ್ಯೆ ಹೇಳಿದ್ದಳು. ಇದು ಗೊತ್ತಿದ್ದುದು ನಾದಿನಿಗೆ ಮಾತ್ರ. ಗಂಡನಿಗೆ ಹೇಳಿದರೆ ಅಂದೇ ಸ್ಟುಡಿಯೋ ಬಾಗಿಲು ಹಾಕಿಸುತ್ತಾನೆಂಬ ಭಯ ಅವಳಿಗೆ.

ಹೀಗಿರುವಾಗ ಪ್ರವಾಸದ ಪುಸ್ತಕಗಳನ್ನು ತರುವ ಸಂಪಾದಕರ ಫೋನ್ ಬಂತು. ಗುಡ್ಡಸಾಲಿನ ಕಾಲುದಾರಿಗಳ ಕೈಪಿಡಿಗೆ ಚಿತ್ರ ಬೇಕು, ಐದು ದಿನದ ನಡಿಗೆ, ಒಪ್ಪಿಕೊಂಡಿದ್ದ ಫೋಟೋಗ್ರಾಫರ್ ಕಾಲು ಉಳುಕಿಸಿಕೊಂಡು ಮಲಗಿದ್ದಾನೆ, ಎಂಟು ದಿನದಲ್ಲಿ ಹೊರಡಬೇಕು ಎಂದರು. ನಾಲ್ಕು ಗೋಡೆಗಳ ನಡುವೆ ಅರ್ಧ ಆಯಸ್ಸು ಕಳೆದವಳ ಬಾಯಿಂದ ‘ಬರ್ತೀನಿ’ ಎಂಬ ಮಾತು ಯೋಚನೆಗೂ ಮೊದಲೇ ಜಾರಿತ್ತು. ಫೋನ್ ಇಟ್ಟ ಮೇಲೆ ಸ್ಟ್ಯಾಂಡಿನ ಕಡೆ ತಿರುಗಿದಳು. ಸ್ಟುಡಿಯೋದ ಕ್ಯಾಮೆರಾ ಕುಂಬಳಕಾಯಿಯಷ್ಟು ಭಾರ. ಸ್ಟ್ಯಾಂಡಿನ ಮೇಲೆ ಕೂತೇ ಇರುವುದರಿಂದ ಇಲ್ಲಿ ಹೇಗೋ ನಡೆಯುತ್ತಿತ್ತು. ಗುಡ್ಡ ಹತ್ತಲು ಚಿಕ್ಕದು ಬೇಕು, ಮಳೆ ಧೂಳು ತಡೆಯುವಂಥದ್ದು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮೂರೇ ಬೆರಳಿಗೆ ದಕ್ಕುವಂಥದ್ದು ಬೇಕು.

ಮರುದಿನವೇ ನಾದಿನಿಯನ್ನು ಕರೆದುಕೊಂಡು ಕ್ಯಾಮೆರಾ ಅಂಗಡಿಗೆ ಹೋದಳು. ಕಸುಬಿನವರೆಲ್ಲ ಬಂದುಹೋಗುವ ಅಂಗಡಿ ಅದು. ಅಂಗಡಿಯವನ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಎಲ್ಲ ಸ್ಟುಡಿಯೋ ಸುತ್ತಿಬರುತ್ತಿತ್ತು. ಕೈಯ ವಿಷಯದಲ್ಲಿ ತುಟಿ ಬಿಚ್ಚಬೇಡ ಎಂದು ದಾರಿಯುದ್ದಕ್ಕೂ ನಾದಿನಿಗೆ ತಾಕೀತು ಮಾಡಿದ್ದಳು.

ಅಂಗಡಿಯವನು ಗಾಜಿನ ಮೇಲೆ ಒಳಗೆ ಕನ್ನಡಿಯಿಲ್ಲದ, ಹಗುರವಾದ ಮೂರು ಮಿರರ್‌ಲೆಸ್ ಕ್ಯಾಮೆರಾ ಇಟ್ಟ. ಮೊದಲನೆಯದು ಸೋಪಿನ ಡಬ್ಬಿಯಂತೆ ತೆಳ್ಳಗೆ, ನುಣ್ಣಗೆ. ಎಲ್ಲವನ್ನೂ ಪರದೆ ಮುಟ್ಟಿಯೇ ಮಾಡಬೇಕು. ಮುದ್ದಾಗಿದೆ ಎಂದಳು ನಾದಿನಿ. ಇವಳು ಬಾಟಲಿಯ ನೀರಲ್ಲಿ ಬೆರಳದ್ದಿ ಪರದೆ ಮುಟ್ಟಿದಳು. ಅದು ಒಂದು ಹೇಳಿದರೆ ಇನ್ನೊಂದು ಮಾಡಿತು. ಎರಡನೆಯದರ ಮೈಗೆ ನೀರು ಇಳಿಯದು ಎಂದು ಅವನು ಹೊಗಳುತ್ತಿರುವಾಗ ಅವಳು ಲೆನ್ಸ್ ಬಿಚ್ಚಿ ಅಂಚು ನೋಡಿದಳು. ಅಲ್ಲಿ ನೀರು ತಡೆಯುವ ರಬ್ಬರಿನ ಬಳೆಯೇ ಇರಲಿಲ್ಲ.

“ಬಾಗಿಲು ಭದ್ರ ಮಾಡಿ ಕಿಟಕಿ ತೆಗೆದಿಟ್ಟ ಹಾಗಲ್ವಾ ಇದು?” ಎಂದಳು.

ಅವನು ನಕ್ಕ. ಮೂರನೆಯದು ಕುಳ್ಳಗೆ, ದಪ್ಪಗೆ ಇತ್ತು. ಮುಂದೆ ಬೆರಳು ಕೂರುವಷ್ಟು ಉಬ್ಬು, ಮೇಲೆ ಬೆಳಕು, ವೇಗ ಹೊಂದಿಸಲು ತಿರುವಿದರೆ ಕಟಕಟ ಎನ್ನುವ ಎರಡು ಗಾಲಿ, ಲೆನ್ಸಿಗೂ ರಬ್ಬರಿನ ಬಳೆ. ಅವಳ ಕಣ್ಣು ಅದರ ಮೇಲೆ ನಿಂತದ್ದು ಅವನಿಗೆ ಹಿಡಿಸಲಿಲ್ಲ.

“ಅದು ಹಳೇ ಮಾದರಿ ಮೇಡಂ, ಚಿತ್ರ ಹಿಡಿಯೋ ಸೆನ್ಸರೂ ಚಿಕ್ಕದು. ಇದನ್ನ ಒಂದೇ ಕೈಲಿ ಹಿಡಿದು ನೋಡಿ, ಹೂವಿದ್ದ ಹಾಗಿದೆ” ಎನ್ನುತ್ತ ಸೋಪಿನ ಡಬ್ಬಿಯನ್ನು ಅವಳ ಬಲಗೈಗಿಟ್ಟು ತನ್ನ ಕೈ ತೆಗೆದುಬಿಟ್ಟ. ಅದು ಸರ್ರನೆ ಜಾರಿತು. ಎಡಗೈಯಿಂದ ಹೊಟ್ಟೆಗೆ ಅವುಚಿಕೊಂಡಳು. ಅವನ ನೋಟ ಕ್ಯಾಮೆರಾದಿಂದ ಅವಳ ಬೆರಳಿಗೆ ಬಂದು ಅಲ್ಲೇ ನಿಂತಿತು.

“ಅತ್ತಿಗೆ ಕೈ...” ಎಂದು ಶುರುಮಾಡಿದ ನಾದಿನಿಯ ಕಾಲನ್ನು ಅವಳು ತುಳಿದಳು. ನಾದಿನಿ ತಕ್ಷಣ, “ಕೈಗೆ ಬಸ್ಸಿನ ಬಾಗಿಲ ಗ್ರೀಸು ಮೆತ್ತಿಕೊಂಡಿದೆ, ಅದಕ್ಕೇ” ಎಂದಳು. ಅವನು ಒರೆಸಿಕೊಳ್ಳಲು ಬಟ್ಟೆ ಕೊಟ್ಟ. ಇಲ್ಲದ ಗ್ರೀಸನ್ನು ಅವಳು ತುಂಬ ಹೊತ್ತು ಒರೆಸಿ, ಮೂರನೆಯದನ್ನೇ ಕಟ್ಟಿಸಿದಳು.

ನಡಿಗೆಗೆ ಹೊರಟವರು ಮೂವರೇ: ದಾರಿ ಬಲ್ಲ ಮುಂದಾಳು, ನಕ್ಷೆ ಬರೆಯುವವನು, ಅವಳು. ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಜಿನುಗು ಮಳೆ. ಹಳ್ಳದ ನಡುವಿನ ಬಂಡೆಯ ಮೇಲೆ ನಿಂತು ಬ್ಯಾಟರಿ ಬದಲಿಸಿ ಮುಚ್ಚಳ ಒತ್ತಿದ್ದಳಷ್ಟೇ, ಕ್ಯಾಮೆರಾ ಕೈತಪ್ಪಿ ಬಂಡೆಗೆ ಬಡಿದು ನೀರಿಗೆ ಬಿತ್ತು. ಮುಂದಾಳು ಮೊಣಕಾಲುದ್ದ ನೀರಿಗಿಳಿದು ಎತ್ತಿಕೊಟ್ಟ. ಒಂದು ಮೂಲೆ ಜಜ್ಜಿತ್ತು. ಸೆರಗಿಲ್ಲದ ಉಡುಪಿನಲ್ಲಿ ಒರೆಸಲು ಏನೂ ಸಿಗದೆ ಟೋಪಿಯಿಂದಲೇ ಒರೆಸಿ ಗುಂಡಿ ಒತ್ತಿದಳು. ಚಿತ್ರ ಮೂಡಿತು.

ಬಂಡೆ ಜಾರಿತೇ ಎಂದು ಮುಂದಾಳು ಕೇಳಿದ. ಹೌದು ಎಂದಳು.

ಅರ್ಧ ಗಂಟೆಯಲ್ಲಿ ಎದುರಾದದ್ದು ಕಡಿದಾದ ಬಂಡೆಗೆ ಬೆಸೆದ ಕಬ್ಬಿಣದ ಏಣಿ. ನಲವತ್ತು ಮೆಟ್ಟಿಲು, ಎಲ್ಲ ಒದ್ದೆ. ಮುಂದಾಳು ಮೊದಲು, ನಡುವೆ ಅವಳು, ಅವಳ ಕೆಳಗೆ ನಕ್ಷೆಯವನು ಎಂದು ತೀರ್ಮಾನವಾಯಿತು. ಮುಂದಾಳು ಹತ್ತುವ ಮೊದಲೇ ಅವಳು ಬಲಗೈಯನ್ನು ಮೊದಲ ಸರಳಿನ ಮೇಲಿಟ್ಟು ನೋಡಿದಳು. ಹೆಬ್ಬೆರಳ ಕಡೆಗೆ ಕಬ್ಬಿಣ ಕೊರೆಯುತ್ತಿತ್ತು, ಕಿರುಬೆರಳ ಕಡೆ ಏನೂ ಇರಲಿಲ್ಲ. ಹಿಂದೆ ತಿರುಗಿ ನೋಡಿದರೆ ನಕ್ಷೆಯವನು ಕೂತು ಶೂ ಲೇಸು ಬಿಗಿಯುತ್ತಿದ್ದ. ತಾನು ಬಿದ್ದರೆ ಬೀಳುವುದು ಇವನ ತಲೆಯ ಮೇಲೆ.

“ನಾನು ಹತ್ತಲ್ಲ” ಎಂದಳು. “ಕ್ಯಾಮೆರಾ ಬಿದ್ದದ್ದು ಬಂಡೆ ಜಾರಿ ಅಲ್ಲ. ನನ್ನ ಎರಡು ಬೆರಳಲ್ಲಿ ಸ್ಪರ್ಶವೇ ಇಲ್ಲ.”

ಮುಂದಾಳಿನ ಮುಖ ಬಿಗಿಯಿತು. “ಹೊರಡೋ ಮೊದಲೇ ಹೇಳಬಹುದಿತ್ತು.”

“ಹೇಳಿದ್ರೆ ಕರ್ಕೊಂಡು ಬರ್ತಿದ್ರಾ?”

“ಇಲ್ಲ.”

“ಅದಕ್ಕೇ ಹೇಳಲಿಲ್ಲ. ತಪ್ಪು ನಂದೇ.”

ಪುಸ್ತಕಕ್ಕೆ ಮೇಲಿನ ನೋಟ ಬೇಕೇ ಬೇಕಿತ್ತು. ಅವಳು ಗಾಲಿಗಳನ್ನು ಹೊಂದಿಸಿ, ಕದಲದಂತೆ ಟೇಪು ಸುತ್ತಿ, ಕ್ಯಾಮೆರಾವನ್ನು ಮುಂದಾಳಿನ ಕೊರಳಿಗೆ ಹಾಕಿದಳು. ಕೊರಳ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು. ಅವನೊಬ್ಬನೇ ಹತ್ತಿ ಹೋದ. ನಕ್ಷೆಯವನು ಅವಳ ಜೊತೆ ತುದಿ ಮುಟ್ಟದ ಬಳಸುದಾರಿ ಹಿಡಿದ. ಒಂದು ಗಂಟೆ ಮುಖ ಊದಿಸಿಕೊಂಡೇ ನಡೆದು, ಕೊನೆಗೆ, ಕಾಲು ತೊಳೆಯಲು ನಿಂತಾಗ, “ಹತ್ತದೆ ಇದ್ರಲ್ಲ, ಅಷ್ಟು ಸಾಕು” ಎಂದ.

ಮುಂದಾಳು ತೆಗೆದ ನಲವತ್ತೊಂದು ಚಿತ್ರಗಳಲ್ಲಿ ಮೂವತ್ತೊಂಬತ್ತು ಸೊಟ್ಟ. ಉಳಿದೆರಡರಲ್ಲಿ ಒಂದು ಪುಸ್ತಕದ ಮುಖಪುಟವಾಯಿತು. ಅದಕ್ಕೆ ಅವನ ಹೆಸರೇ ಇರಬೇಕೆಂದು ಅವಳು ಹಟ ಹಿಡಿದಳು. ಪುಸ್ತಕ ಕೈಗೆ ಬಂದ ದಿನ ಆ ಹೆಸರು ನೋಡಿ ಸಣ್ಣಗೆ ಅಸೂಯೆಯೂ ಆಯಿತು. ಒಳಗಿನ ಐವತ್ತೆರಡು ಚಿತ್ರ ಅವಳವು.

ಊರಿಗೆ ಮರಳಿದ ದಿನವೇ ಗಂಡನಿಗೆ ಎಲ್ಲ ಹೇಳಿದ್ದಳು. ಅವನು ಎರಡು ದಿನ ಮುನಿಸಿಕೊಂಡಿದ್ದ, ಅವಳಿಗಿಂತ ಹೆಚ್ಚಾಗಿ ತನ್ನ ತಂಗಿಯ ಮೇಲೆ. ಆಪರೇಷನ್ ಆದ ಮೇಲೆ ಉಂಗುರಬೆರಳಿಗೆ ಸ್ಪರ್ಶ ಮರಳಿತು, ಕಿರುಬೆರಳಿಗೆ ಮರಳಲಿಲ್ಲ. ಸಂಪಾದಕರು ಇನ್ನೊಂದು ಕೈಪಿಡಿಗೆಂದು ಕೇಳಿದಾಗ ಅವಳು ಮೊದಲು ಹೇಳಿದ್ದೇ ಕಿರುಬೆರಳ ಸಂಗತಿಯನ್ನು. ಅವರು, ದಾರಿಯ ನಕ್ಷೆ ಕಳಿಸುತ್ತೇನೆ, ಆಗದ ಕಡೆ ಗುರುತು ಹಾಕಿ ಎಂದರು. ಅವಳು ಎರಡು ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅಂದು ಮಧ್ಯಾಹ್ನವೇ ವಾಪಸು ಕಳಿಸಿದಳು.