ಹಳೆಯ ಕಂಪ್ಯೂಟರಿನಲ್ಲಿದ್ದ ಅತ್ತೆಯ ಮೀನುಗಳು

ನನ್ನ ಅತ್ತೆ ಆರು ಮೀನು ಸಾಕಿದ್ದರು. ಪಕ್ಕದ ಮನೆಯಿಂದ ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವ ಮನೆ ನಮ್ಮದು. ಆದರೂ ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಅತ್ತೆಯ ಮೀನುಗಳಿದ್ದದ್ದು ನನ್ನ ಕಂಪ್ಯೂಟರಿನಲ್ಲಿ.

ಪುತ್ತೂರಿನ ವಕೀಲರು ಬರೆದುಕೊಟ್ಟ ಅರ್ಜಿ, ಕರಾರುಪತ್ರಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡುವುದು ನನ್ನ ಕೆಲಸ. ನನ್ನವರು ಬೆಳಿಗ್ಗೆ ಉಪ್ಪಿನಂಗಡಿಯ ತಮ್ಮ ಅಂಗಡಿಗೆ ಹೊರಟರೆ ಮನೆಯಲ್ಲಿ ಉಳಿಯುವುದು ನಾನು, ಅತ್ತೆ ಮತ್ತು ಆ ಕಂಪ್ಯೂಟರು. ನನ್ನ ಬಾಯಿ ಸ್ವಲ್ಪ ಜೋರು. ಅತ್ತೆಯದು ಬಾಯಿ ಜೋರಿಲ್ಲ, ಹಟ ಜೋರು. ಹಾಗಾಗಿ ನಮ್ಮಿಬ್ಬರ ನಡುವೆ ದಿನಕ್ಕೊಮ್ಮೆಯಾದರೂ ಮಾತು ನಿಲ್ಲುತ್ತಿತ್ತು.

ಅತ್ತೆಯ ತವರು ಸುಳ್ಯದಾಚೆ, ತೊಡಿಕಾನದ ಹತ್ತಿರ. ಅಲ್ಲಿ ಹೊಳೆಯಲ್ಲಿ ದೇವರ ಮೀನುಗಳಿವೆ. ಅವನ್ನು ಯಾರೂ ಹಿಡಿಯುವುದಿಲ್ಲ, ಬಂದವರು ಅಕ್ಕಿ ಹಾಕಿ ಹೋಗುತ್ತಾರೆ. ಸಣ್ಣವರಿದ್ದಾಗ ಅತ್ತೆ ಶಾಲೆಗೆ ಹೋಗುವ ದಾರಿಯಲ್ಲಿ ದಿನಾ ಒಂದು ಹಿಡಿ ಅಕ್ಕಿ ಹಾಕುತ್ತಿದ್ದರಂತೆ. ಆಮೇಲೆ ತವರಿನವರು ಜಾಗ ಮಾರಿ ಒಬ್ಬೊಬ್ಬರು ಒಂದೊಂದು ಕಡೆ ಹೋದರು. ತವರು ಅಂತ ಅವರಿಗೆ ಉಳಿದದ್ದು ಆ ಮೀನುಗಳು ಮಾತ್ರ.

“ಒಮ್ಮೆ ತೊಡಿಕಾನಕ್ಕೆ ಹೋಗಿ ಬರುವನಾ?” ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದರು.

ದೂರವೇನೂ ಇಲ್ಲ. ಕುಂಬ್ರ ದಾಟಿ, ಸುಳ್ಯ ದಾಟಿ, ಅರಂತೋಡಿನಲ್ಲಿ ತಿರುಗಿದರೆ ಆಯಿತು. ಆದರೆ ಅತ್ತೆಗೆ ಕಾರಿನಲ್ಲಿ ಕೂತ ಕೂಡಲೇ ವಾಂತಿ, ಹೊಳೆಯ ಮೆಟ್ಟಿಲು ಇಳಿಯಲು ಮೊಣಕಾಲು ಬಿಡದು. ನನಗೆ ಒಂದು ದಿನದ ಕೆಲಸ ಹೋಗುತ್ತದೆ. “ಆಮೇಲೆ ಹೋಗುವ ಅತ್ತೆ” ಎನ್ನುತ್ತಿದ್ದೆ. ಇಷ್ಟಕ್ಕೇ ಬಿಡುವವರಲ್ಲ ಅವರು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿ ಮೀನು ಸಾಕುವ ಒಂದು ಆಟ ತೆಗೆದುಕೊಟ್ಟೆ. ಬ್ರೌಸರಿನಲ್ಲಿ ಆ ಪುಟ ತೆರೆದರೆ ಪರದೆಯ ತುಂಬ ನೀಲಿ ನೀರು, ಅದರಲ್ಲಿ ಆರು ಮೀನು. ಮೌಸ್ ಒತ್ತಿದರೆ ಮೇಲಿನಿಂದ ತಿಂಡಿಯ ಚೂರು ಬೀಳುತ್ತದೆ. ನಾಲ್ಕು ದಿನ ಹಾಕದಿದ್ದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ.

“ಇಗೊಳ್ಳಿ, ಇಲ್ಲಿಯೇ ಉಂಟು ನಿಮ್ಮ ಮೀನು. ತೊಡಿಕಾನ ಯಾಕೆ?” ಎಂದೆ. ಪೀಡೆ ತೊಲಗಲಿ ಎಂದೇ ಮಾಡಿದ್ದು. ಈಗ ಚಂದ ಮಾಡಿ ಹೇಳಿ ಪ್ರಯೋಜನವಿಲ್ಲ.

ಎರಡು ದಿನ ಅತ್ತೆ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಬಂದು ನನ್ನ ಕುರ್ಚಿಯಲ್ಲಿ ಕೂತರು. ಅಂದಿನಿಂದ ಎರಡೂವರೆಯಿಂದ ಮೂರರವರೆಗೆ ಕಂಪ್ಯೂಟರು ಅವರದ್ದು. ವಕೀಲರ ಅವಸರದ ಅರ್ಜಿ ಇದ್ದರೂ ನಾನು ಏಳಬೇಕಿತ್ತು. ಮೀನಿಗೆ ಅವರು ಹೆಸರಿಡಲಿಲ್ಲ. ಒಂದನ್ನು ‘ಕೆಂಪಿನದು’ ಎನ್ನುತ್ತಿದ್ದರು, ಇನ್ನೊಂದನ್ನು ‘ಹೊಟ್ಟೆಬಾಕ’ ಎನ್ನುತ್ತಿದ್ದರು. ಏಕಾದಶಿಯ ದಿನ ತಾವು ಊಟ ಬಿಟ್ಟರೂ ಮೀನಿಗೆ ಬಿಡಿಸಲಿಲ್ಲ. “ಅವಕ್ಕೆ ವ್ರತ ಎಂತಕ್ಕೆ? ಅವು ಎಂತ ಪಾಪ ಮಾಡಿದ್ದಾವೆ?” ಎಂದರು.

ಇನ್ನೊಂದು ಕ್ರಮವಿತ್ತು. ಬರುವಾಗ ಒಂದು ಹಿಡಿ ಅಕ್ಕಿ ತಂದು ಕೀಬೋರ್ಡಿನ ಪಕ್ಕ ಇಡುವುದು. ಮೀನಿನ ಎದುರು ಬರಿಗೈಯಲ್ಲಿ ಹೋಗಬಾರದಂತೆ. ಮೂರು ಗಂಟೆಗೆ ಆ ಅಕ್ಕಿಯನ್ನು ಅಂಗಳದ ಗುಬ್ಬಿಗೆ ಹಾಕುತ್ತಿದ್ದರು. ಒಂದು ದಿನ ನನ್ನ ಕೀಲಿಗಳು ಒತ್ತಿದರೆ ಏಳದೆ ಹೋದವು. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಗುರುತಿನವರು ಬಂದು ಕೀಬೋರ್ಡ್ ಕವುಚಿ ಕುಟ್ಟಿದರು. ಅಕ್ಕಿಯ ಜೊತೆ ಇರುವೆಗಳೂ ಬಿದ್ದವು.

“ಇದರಲ್ಲಿ ಎಂತ ಅಕ್ಕಾ, ಕೋಳಿ ಸಾಕುದಾ?” ಎಂದರು ಅವರು.

ಅವರು ಹೋದ ಮೇಲೆ ನಾನು ಅತ್ತೆಯ ಮೇಲೆ ಹಾರಿಬಿದ್ದೆ. “ಅದು ಬರೀ ಚಿತ್ರ ಅತ್ತೆ. ಚಿತ್ರಕ್ಕೆ ಯಾರಾದರೂ ಅಕ್ಕಿ ತರ್ತಾರಾ? ನಿಮಗೆ ಎಂತ ಮರುಳಾ?”

ಅತ್ತೆ ಅಕ್ಕಿ ಹೆಕ್ಕುತ್ತಾ ಹೇಳಿದರು, “ಚಿತ್ರ ಅಂತ ನನಗೂ ಗೊತ್ತುಂಟು ಮಾರಾಯ್ತಿ. ದೇವರ ಕೋಣೆಯಲ್ಲಿ ನೀನು ಹೂ ಇಡುದು ಎಂತಕ್ಕೆ?”

ಮರುದಿನದಿಂದ ಅಕ್ಕಿ ಇಡಲು ನಾನೇ ಒಂದು ಸಣ್ಣ ಬಟ್ಟಲು ಕೊಟ್ಟೆ.

ಹಾಗೆ ನಾಲ್ಕು ವರ್ಷ ನಡೆಯಿತು. ಮಾತು ಬಿಟ್ಟ ದಿನವೂ ಎರಡೂವರೆಗೆ ನಾನು ಬ್ರೌಸರ್ ತೆರೆದುಕೊಡಬೇಕು, ಅವರಿಗೆ ಪುಟ ಹುಡುಕಲು ಬಾರದು. ಮೀನು ಈಜತೊಡಗಿದರೆ ಅವರು ಏನಾದರೂ ಹೇಳದೆ ಇರಲಾರರು. ತೊಡಿಕಾನದ ಹೊಳೆಯ ಕಲ್ಲು, ಮೀನು ಕಾಲಿಗೆ ಮುತ್ತುವಾಗಿನ ಕಚಗುಳಿ, ಅಕ್ಕಿ ಸಾಲದ್ದಕ್ಕೆ ಬುತ್ತಿಯ ಅನ್ನವನ್ನೂ ಹಾಕಿ ಶಾಲೆಯಲ್ಲಿ ಹಸಿದು ಕೂತದ್ದು. ನನ್ನ ಅಮ್ಮ ನಾನು ಸಣ್ಣವಳಿರುವಾಗಲೇ ತೀರಿಹೋದವರು. ಹೆಂಗಸೊಬ್ಬಳು ತನ್ನ ಬಾಲ್ಯವನ್ನು ನನಗೆ ಹೇಳಿದ್ದು ಅದೇ ಮೊದಲು. ಆ ಅರ್ಧ ಗಂಟೆ ನನಗೂ ಬೇಕಾಗಿತ್ತು ಎಂದು ಆಗ ಒಪ್ಪಿಕೊಳ್ಳಲಿಲ್ಲ.

ಆಮೇಲೆ ಒಂದು ದಿನ ಬ್ರೌಸರಿನ ನೆತ್ತಿಯಲ್ಲಿ ಹಳದಿ ಪಟ್ಟಿಯೊಂದು ಕಾಣಿಸಿಕೊಂಡಿತು. ಈ ಕಂಪ್ಯೂಟರು ಹಳತಾಯಿತು, ಇದಕ್ಕೆ ಇನ್ನು ಮುಂದೆ ಹೊಸ ಬ್ರೌಸರ್ ಸಿಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪಕ್ಕದಲ್ಲಿ ‘ಆಮೇಲೆ ನೆನಪಿಸು’ ಎಂಬ ಗುಂಡಿ.

“ಎಂತ ಹೇಳ್ತದೆ ಅದು?” ಎಂದು ಅತ್ತೆ ಕೇಳಿದರು.

“ಎಂತ ಇಲ್ಲ” ಎಂದು ಗುಂಡಿ ಒತ್ತಿದೆ. ಮರುದಿನವೂ ಒತ್ತಿದೆ. ತಿಂಗಳುಗಟ್ಟಲೆ ಒತ್ತಿದೆ. ಹೊಸ ಕಂಪ್ಯೂಟರು ಕೊಳ್ಳಬಹುದಿತ್ತು. ಆದರೆ ಆ ಆರು ಮೀನುಗಳ ಗುರುತು ಇದ್ದದ್ದು ಆ ಹಳೆಯ ಬ್ರೌಸರಿನೊಳಗೆ ಮಾತ್ರ. ಹೊಸದರಲ್ಲಿ ಹೊಸ ಮೀನು ಬರುತ್ತದೆ, ಹೊಟ್ಟೆಬಾಕ ಬರುವುದಿಲ್ಲ. ಮೊದಲು ವಕೀಲರ ಮೇಲ್ ತೆರೆಯದಾಯಿತು, ಅದನ್ನು ಮೊಬೈಲಿನಲ್ಲಿ ನೋಡಿಕೊಂಡೆ. ಆಮೇಲೆ ಕರೆಂಟ್ ಬಿಲ್ಲಿನ ಪುಟ ಹೋಯಿತು. ನೀಲಿ ನೀರು ಮಾತ್ರ ಬರುತ್ತಲೇ ಇತ್ತು.

ಆಷಾಢದ ಒಂದು ಮಧ್ಯಾಹ್ನ ಅದೂ ಬರಲಿಲ್ಲ. ಬಿಳಿ ಪರದೆಯ ಮೇಲೆ ನಿಮ್ಮ ಬ್ರೌಸರ್ ಹಳೆಯದು ಎಂಬ ಒಂದೇ ಸಾಲು. ರಿಪೇರಿಯವರನ್ನು ಕರೆಸಿದೆ. ಅವರು ಅರ್ಧ ಗಂಟೆ ಕೂತು ಏನೇನೋ ಮಾಡಿ ಕೈಚೆಲ್ಲಿದರು.

“ಇದು ಹಾಳಾಗ್ಲಿಲ್ಲ ಅಕ್ಕಾ. ಹಾಳಾದ್ರೆ ರಿಪೇರಿ ಮಾಡ್ಬಹುದಿತ್ತು. ಇದು ಸರಿಯಾಗಿಯೇ ಉಂಟು, ಹೊರಗಿನವರು ಇದರೊಟ್ಟಿಗೆ ಮಾತು ಬಿಟ್ಟಿದ್ದಾರೆ ಅಷ್ಟೆ.”

ಅತ್ತೆ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡರು. ಅತ್ತಾರು, ಊಟ ಬಿಟ್ಟಾರು ಎಂದು ಹೆದರಿದ್ದೆ. ಅವರು ಬಟ್ಟಲಿನ ಅಕ್ಕಿಯನ್ನು ಗುಬ್ಬಿಗೆ ಹಾಕಿ ಬಂದು ಕೂತರು. ಮುಖದಲ್ಲಿ ನನಗೆ ಅರ್ಥವಾಗದ ಒಂದು ಗೆಲುವಿತ್ತು.

“ಹೋಗ್ಲಿ ಬಿಡು. ಅಲ್ಲಿಯವು ಉಂಟಲ್ಲ” ಎಂದರು. “ಇನ್ನಾದರೂ ಹೋಗುವನಾ?”

ನಾಲ್ಕು ವರ್ಷ ಅವರು ಆ ಮಾತು ಎತ್ತಿರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ. ಅವರು ಮರೆತಿರಲಿಲ್ಲ, ನನ್ನ ಉಪಾಯ ಗೊತ್ತಿದ್ದೂ ನನ್ನ ಮರ್ಯಾದೆ ಕಾಪಾಡಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು.

“ಈ ಮಳೆಗೆ ಹೊಳೆ ಕೆಂಪಾಗಿರ್ತದೆ ಅತ್ತೆ, ಮೀನು ಕಾಣುದಿಲ್ಲ. ನವರಾತ್ರಿ ಕಳೆಯಲಿ, ಖಂಡಿತ ಹೋಗುವ” ಎಂದೆ. ಆ ದಿನ ಹೇಳಿದ್ದು ನೆಪವಲ್ಲ. ನಿಜವಾಗಿಯೂ ಕರೆದುಕೊಂಡು ಹೋಗಬೇಕೆಂದೇ ಹೇಳಿದ್ದೆ.

ಅತ್ತೆ ತೊಡಿಕಾನದ ಮೀನಿಗೆಂದು ಅಕ್ಕಿಯನ್ನು ಡಬ್ಬಿಯೊಂದರಲ್ಲಿ ತುಂಬಿಸಿ ಇಟ್ಟರು. ನವರಾತ್ರಿಗೆ ಒಂದು ವಾರವಿರುವಾಗ ಬಚ್ಚಲಿನಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಂಚ ಬಿಟ್ಟೇಳಲಿಲ್ಲ. ದೀಪಾವಳಿ ಕಳೆದು ಎರಡು ದಿನಕ್ಕೆ ಹೋದರು.

ಬೂದಿಯನ್ನು ಉಪ್ಪಿನಂಗಡಿಯಲ್ಲಿ, ಎರಡು ನದಿ ಸೇರುವಲ್ಲಿ ಬಿಟ್ಟೆವು. ನಮ್ಮ ಕಡೆಯವರೆಲ್ಲ ಅಲ್ಲಿಯೇ ಬಿಡುವುದು. ನೀರು ತಿಳಿಯಾಗಿತ್ತು. ನಾನು ನನ್ನವರ ಬಳಿ, “ಈ ನೀರಿಗೂ ತೊಡಿಕಾನದ ಹೊಳೆಗೂ ಎಲ್ಲಿಯಾದರೂ ಸಂಬಂಧ ಉಂಟಾ?” ಎಂದು ಕೇಳಿದೆ.

“ಎಲ್ಲಿಂದ ಎಲ್ಲಿಗೆ? ಅದು ಪಯಸ್ವಿನಿಗೆ ಸೇರಿ ಕಾಸರಗೋಡಿನ ಕಡೆ ಹೋಗುದು. ಇದು ಮಂಗಳೂರಿಗೆ” ಎಂದರು ಅವರು. ಆಗ ನನಗೆ ಅಳು ಬಂತು. ಬೆಂಕಿ ಕೊಡುವಾಗಲೂ ಅತ್ತಿರಲಿಲ್ಲ.

ಹೊಸ ಕಂಪ್ಯೂಟರು ಬಂದು ವರ್ಷವಾಯಿತು. ಎಲ್ಲ ಪುಟಗಳೂ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತವೆ. ಹಳೆಯದು ಅಟ್ಟದ ಮೇಲಿದೆ. ಎರಡೂವರೆಯಾದಾಗ ನಾನು ಈಗಲೂ ಕುರ್ಚಿಯಿಂದ ಏಳುತ್ತೇನೆ. ಎದ್ದ ಮೇಲೆ ಏನು ಮಾಡುವುದೆಂದು ತಿಳಿಯದೆ ಮತ್ತೆ ಕೂರುತ್ತೇನೆ. ಅವರ ಹಟ ಬೇಕು ಅನಿಸುತ್ತದೆ. ಇರುವೆ ಹತ್ತಿದ ಕೀಬೋರ್ಡೂ ಬೇಕು ಅನಿಸುತ್ತದೆ.

ಮೊನ್ನೆ ನವರಾತ್ರಿ ಕಳೆದ ಮೇಲೆ ಆ ಡಬ್ಬಿ ತೆಗೆದೆ. ಅಕ್ಕಿಗೆ ಹುಳ ಬಿದ್ದಿತ್ತು. ಗೆರಸೆಯಲ್ಲಿ ಕೇರಿ, ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಸುಳ್ಯದಲ್ಲಿ ಬಸ್ಸು ಬದಲಿಸಿ, ಅರಂತೋಡಿನಿಂದ ರಿಕ್ಷಾ ಮಾಡಿ ತೊಡಿಕಾನ ತಲುಪುವಾಗ ಗಂಟೆ ಎರಡಾಗಿತ್ತು. ಹೊಳೆಯ ಕಲ್ಲಿನ ಮೇಲೆ ಕೂತೆ. ನೀರಿನೊಳಗೆ ಕಪ್ಪಗೆ ದೊಡ್ಡ ದೊಡ್ಡ ಮೀನುಗಳು ಸುಮ್ಮನೆ ಓಡಾಡುತ್ತಿದ್ದವು. ನಾನು ಅಕ್ಕಿ ಹಾಕದೆ, ಕೈಗಡಿಯಾರ ನೋಡುತ್ತಾ ಎರಡೂವರೆಯಾಗಲು ಕಾದೆ.

ಪಕ್ಕದಲ್ಲಿ ಮೊಮ್ಮಗುವಿನ ಕೈಯಲ್ಲಿ ಮೀನಿಗೆ ಅಕ್ಕಿ ಹಾಕಿಸುತ್ತಿದ್ದ ಹೆಂಗಸೊಬ್ಬರು ನನ್ನನ್ನು ಗಮನಿಸಿರಬೇಕು.

“ಯಾರಾದರೂ ಬರ್ಲಿಕ್ಕೆ ಉಂಟಾ?” ಎಂದು ಕೇಳಿದರು.

“ಇಲ್ಲ” ಎಂದೆ. “ಬರ್ಬೇಕಾದವರು ಕರೆದಾಗ ನಾನು ಬರ್ಲಿಲ್ಲ.”

ಅವರಿಗೆ ಏನೂ ಅರ್ಥವಾಗಲಿಲ್ಲ. ಎರಡೂವರೆಗೆ ನಾನು ಚೀಲ ಬಿಚ್ಚಿದೆ.