ಗೋದಾವರಿ ಟೀಚರೂ ಹನ್ನೆರಡನೆಯ ಹುಡುಗಿಯೂ

ಮಂಡೆಕೋಲು ಊರಿನ ಗೋದಾವರಿ ಟೀಚರಿಗೆ ವಿದ್ಯೆ ಹತ್ತಿದ್ದು ಪೆಟ್ಟಿನಿಂದ. ಎಲ್ಲರಿಗೂ ಹಾಗೆಯೇ ಅಲ್ಲವೇ ಎಂದರೆ, ಅಲ್ಲ. ನಮಗೆಲ್ಲ ಪೆಟ್ಟು ಬಿದ್ದದ್ದು ಶಾಲೆಗೆ ಹೋಗದ್ದಕ್ಕೆ, ಅವರಿಗೆ ಬಿದ್ದದ್ದು ಹೋದದ್ದಕ್ಕೆ. ಐದು ವರ್ಷದ ಗೋದಾವರಿ ತಮ್ಮನ ಚೀಲ ಹೊತ್ತು ಬಾಲವಾಡಿಯ ಮೆಟ್ಟಿಲವರೆಗೆ ಹೋಗಬಹುದಿತ್ತು, ಒಳಗಲ್ಲ. ಒಂದು ದಿನ ಒಳಗೆ ಹೋಗಿ ಕೂತೇಬಿಟ್ಟರು. ಅಪ್ಪ ಬಂದು ಜಡೆ ಹಿಡಿದು ಮನೆವರೆಗೆ ಎಳೆದುಕೊಂಡು ಹೋದ. ಆ ದಾರಿಯಲ್ಲಿ ಹೊಡೆಯಲು ಕಿತ್ತ ಬೇಲಿಯ ಕೋಲುಗಳು ಎಷ್ಟು ಮುರಿದವೆಂದರೆ, ಮರುದಿನ ಊರ ದನಗಳೆಲ್ಲ ಆ ಸಂದಿಯಲ್ಲೇ ನುಗ್ಗಿದವಂತೆ.

ಮುಂದೆ ಅಂಗನವಾಡಿಯ ಕೆಲಸ ಸಿಕ್ಕಿದ ದಿನ ಗಂಡ ಗಂಜಿಯ ಪಾತ್ರೆ ಎಸೆದರು. ಗುರಿ ತಪ್ಪಿದ್ದರಿಂದ ಸಂಸಾರ ಉಳಿಯಿತು.

ಇದೆಲ್ಲ ಆಗಿ ಇಪ್ಪತ್ತೆರಡು ವರ್ಷ. ಈಗ ಅವರ ಅಂಗನವಾಡಿಯಲ್ಲಿ ಹದಿನಾಲ್ಕು ಮಕ್ಕಳು, ಅವರಲ್ಲಿ ಹನ್ನೊಂದು ಮಂದಿ ಹುಡುಗಿಯರು. ಹುಡುಗರು ಹುಟ್ಟುತ್ತಿಲ್ಲವೆಂದಲ್ಲ, ಬೆಳಿಗ್ಗೆ ಎಂಟೂವರೆಗೆ ಹಳದಿ ವ್ಯಾನು ಬಂದು ಟೈ ಕಟ್ಟಿದ ಗಂಡುಮಕ್ಕಳನ್ನು ಎಲ್‌ಕೆಜಿಗೆ ತುಂಬಿಕೊಂಡು ಹೋಗುತ್ತದೆ. ಅದೇ ಮನೆಗಳ ಹೆಣ್ಣುಮಕ್ಕಳು ವ್ಯಾನಿಗೆ ಟಾಟಾ ಮಾಡಿ, ಮೂಗು ಒರೆಸಿಕೊಂಡು ಟೀಚರ ಹತ್ತಿರ ಬರುತ್ತಾರೆ.

ಮನೆಮನೆ ಲೆಕ್ಕಕ್ಕೆ ಹೋದಾಗ ಮುರಳಿಕೃಷ್ಣರ ರಬ್ಬರ್ ತೋಟದಲ್ಲಿ ಕೆಲಸದವರಿರುವ ಲೈನ್‌ಮನೆಯಲ್ಲಿ ಟೀಚರಿಗೆ ಸುನ್‌ಮಾಯಾ ಸಿಕ್ಕಿದಳು. ನೇಪಾಳದವಳು, ತೋಟದ ಕೆಲಸ ಮಾಡುತ್ತ ಕನ್ನಡ ಕಲಿತವಳು. ಗಂಡ ಟೇಕ್ ಮತ್ತು ಅವಳು, ಇಬ್ಬರೂ ಮರ ಕೆತ್ತಿ ರಬ್ಬರಿನ ಹಾಲಿಳಿಸುವ ಟ್ಯಾಪಿಂಗ್ ಮಾಡುವವರು. ನಾಲ್ಕು ವರ್ಷದ ಮಗಳು ಅಸ್ಮಿತಾ, ಕಂಕುಳಲ್ಲಿ ಒಂದು ಗಂಡುಕೂಸು. ದೊಡ್ಡ ಮಗ ಊರಲ್ಲಿ ಅಜ್ಜಿಯ ಹತ್ತಿರ.

“ನಿಮ್ಮಲ್ಲಿ ಅಂಗನವಾಡಿ ಉಂಟಾ?” ಟೀಚರು ಕೇಳಿದರು.

“ಉಂಟು ಟೀಚರ್. ಬಾಲ ವಿಕಾಸ ಹೇಳುದು. ಫ್ರೀ.”

“ದೊಡ್ಡ ಮಗ ಅಲ್ಲಿಗೆ ಹೋದದ್ದಾ?”

“ಅವನು ಗಂಡಲ್ವಾ! ಅವನಿಗೆ ಬೋರ್ಡಿಂಗ್. ನಮ್ಮಲ್ಲಿ ಪ್ರೈವೇಟ್ ಶಾಲೆಗೆ ಹಾಗೆ ಹೇಳುದು. ಇಂಗ್ಲಿಷ್. ಮನೆ ಹತ್ರ ಬಸ್ ಬರ್ತದೆ.”

“ಬಸ್ಸು ಎಂತ ಬಣ್ಣ?”

“ಹಳದಿ.”

ದೊಡ್ಡವರು ವಿಮಾನ ಹತ್ತಿ ಹೋಗಿ, ಸಭೆ ಸೇರಿ, ಊಟ ಮಾಡಿ ಕಂಡುಹಿಡಿಯುವುದನ್ನು ಟೀಚರು ಹೀಗೆ ಜಗಲಿಯಲ್ಲಿ ನಿಂತು ಕಂಡುಹಿಡಿದರು. ಆದರೆ ಸುನ್‌ಮಾಯಾ ಇನ್ನೊಂದು ಮಾತು ಸೇರಿಸಿದಳು: “ಅಲ್ಲಿ ಇದ್ರೆ ಇವಳು ಬಾಲ ವಿಕಾಸಕ್ಕಾದ್ರೂ ಹೋಗ್ತಿದ್ಳು ಟೀಚರ್. ಇಲ್ಲಿ ಅದೂ ಇಲ್ಲ. ಕೂಸನ್ನು ಯಾರು ನೋಡುದು?”

ಗಂಜಿಪಾತ್ರೆ ತಪ್ಪಿತ್ತು, ಇದು ತಾಗಿತು.

ರಬ್ಬರಿನ ಕೆಲಸವೇ ಹಾಗೆ. ಬೆಳಕು ಹರಿಯುವ ಮೊದಲು ಮರ ಕೆತ್ತಬೇಕು, ಬಿಸಿಲೇರಿ ಹಾಲು ಗಟ್ಟಿಯಾಗುವ ಮೊದಲು ಬಕೆಟಿಗೆ ಬಗ್ಗಿಸಬೇಕು, ಆಮೇಲೆ ಆಸಿಡ್ ಬೆರೆಸಿ ಹಾಳೆಯಂಥ ಶೀಟಾಗಿ ಹೆಪ್ಪುಗಟ್ಟಲು ಇಡಬೇಕು. ಹನ್ನೆರಡರವರೆಗೆ ತಾಯಿ ಎಂಬವಳು ಇಲ್ಲ. ಮರುದಿನ ಹತ್ತು ಗಂಟೆಗೆ ಟೀಚರು ಶೀಟಿನ ಶೆಡ್ಡಿಗೇ ಹೋದರು.

ಕಂಬಕ್ಕೆ ನೈಲಾನ್ ಹಗ್ಗ. ಹಗ್ಗದ ಒಂದು ತುದಿ ಅಸ್ಮಿತಾಳ ಸೊಂಟಕ್ಕೆ, ಇನ್ನೊಂದು ಕೂಸಿನ ಕಾಲಿಗೆ. ಕೂಸು ಆಸಿಡ್ ಕ್ಯಾನಿನತ್ತ ತೆವಳಿದಾಗಲೆಲ್ಲ ಹುಡುಗಿ ಹಗ್ಗ ಜಗ್ಗಿ ಎಳೆಯುತ್ತಿದ್ದಳು, ಕೂಸು ಚೀರಿದರೆ ಬೆನ್ನಿಗೆ ಗುದ್ದುತ್ತಿದ್ದಳು. ಅವಳ ಎಡಗೈ ಆಸಿಡ್ ತಾಗಿ ಮೊಣಕೈವರೆಗೆ ಸುಟ್ಟು ಚರ್ಮ ಎದ್ದಿತ್ತು. ಟೀಚರು ಹಗ್ಗ ಬಿಚ್ಚತೊಡಗಿದರು.

“ಟೀಚರೇ, ನಿಮ್ಮದು ಮೊಟ್ಟೆ ಹಂಚುವ ಕೆಲಸ. ನನ್ನ ತೋಟದಲ್ಲಿ ಎಂತ ನಿಮಗೆ? ಹುಡುಗಿ ಹೋದ್ರೆ ಕೂಸು ನೋಡ್ಲಿಕ್ಕೆ ತಾಯಿ ಕೆಲಸ ಬಿಡ್ಬೇಕಾ?” ಮುರಳಿಕೃಷ್ಣ ಬಾಗಿಲಲ್ಲಿ ನಿಂತಿದ್ದರು.

“ಮುರಳಿಯಣ್ಣ, ನಿಮ್ಮ ದನಕ್ಕೆ ಇದಕ್ಕಿಂತ ಉದ್ದದ ಹಗ್ಗ ಉಂಟು.”

ಮಾತು ಮುಗಿಯುವ ಮೊದಲೇ ಬಕೆಟ್ ಬಂತು. ಟೀಚರ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವರು ಮುರಳಿಕೃಷ್ಣರ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದರು. ಮಕ್ಕಳಿಗೆ ದಿನಾ ಬೇಡವೆನ್ನುವ ಕೆಲಸ, ಚೆನ್ನಾಗಿಯೇ ಬಂತು. ಮುರಳಿಕೃಷ್ಣರು ಅವರನ್ನು ಒದ್ದು ಬೀಳಿಸುವಾಗ ಹಾಲು ಹೊತ್ತು ಸುನ್‌ಮಾಯಾ ಒಳಗೆ ಬಂದಳು. ಎರಡು ಬಕೆಟನ್ನೂ ನೆಲಕ್ಕೆ ಬಗ್ಗಿಸಿದಳು. ಮುರಳಿಕೃಷ್ಣರು ಅವಳ ಕೂದಲಿಗೆ ಕೈ ಹಾಕಿದ್ದೇ ತಡ, ಅವಳು ಟ್ಯಾಪಿಂಗ್ ಕತ್ತಿ ಬೀಸಿದಳು. ಅವರ ಅಂಗಿಯ ತೋಳು ಭುಜದಿಂದ ಮೊಣಕೈವರೆಗೆ ಸೀಳಿ, ಒಳಗೆ ಕೆಂಪು ಗೆರೆಯೊಂದು ಮೂಡಿತು. ಬಿಳಿ ಹಾಲಿನ ಮೇಲೆ ಇಬ್ಬರ ರಕ್ತವೂ ತೊಟ್ಟಿಕ್ಕಿತು.

“ಪೊಲೀಸ್ ಕರೀತೇನೆ!” ಮುರಳಿಕೃಷ್ಣರು ಕಿರುಚಿದರು.

“ಕರೀರಿ,” ನೆಲದಿಂದಲೇ ಟೀಚರು ಹೇಳಿದರು, “ಹಗ್ಗ ಇಲ್ಲೇ ಉಂಟು.”

ಆಗ ಬಾಗಿಲಿಗೆ ಬಂದ ಟೇಕ್ ಎಲ್ಲರನ್ನೂ ನೋಡಿ, ಮೆಲ್ಲಗೆ ಹೇಳಿದ: “ಸಾರ್, ನಾಳೆ ನಾವು ಕೇರಳ. ಆಚೆ ತೋಟದವರು ಎರಡು ಸಲ ಕರೆದ್ರು.”

ಕಚ್ಚಿದಾಗ ಇಳಿಯದ ಮುರಳಿಕೃಷ್ಣರ ಮುಖ ಈಗ ಇಳಿಯಿತು. ನಮ್ಮ ಕಡೆ ಮದುಮಗಳಾದರೂ ಹುಡುಕಿದರೆ ಸಿಕ್ಕಾಳು, ಟ್ಯಾಪಿಂಗಿನವರು ಸಿಕ್ಕುವುದಿಲ್ಲ. ನ್ಯಾಯ, ಕಾನೂನು, ರಕ್ತ ಯಾವುದಕ್ಕೂ ಬಗ್ಗದ ಮನುಷ್ಯ ಕೆತ್ತುವವರಿಲ್ಲದೆ ಉಳಿಯುವ ಆರುನೂರು ಮರಕ್ಕೆ ಬಗ್ಗಿದರು.

“ಹುಡುಗಿ ಹೋಗ್ಲಿ ಮಾರಾಯ. ಕೂಸನ್ನೂ ಕೊಂಡುಹೋಗ್ಲಿ. ಇಷ್ಟಕ್ಕೆಲ್ಲ ಕೇರಳ ಎಂತಕ್ಕೆ?”

ಮರುದಿನ ಅಸ್ಮಿತಾ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬಂದಳು. ಮೂರು ತುಂಬದ ಮಕ್ಕಳನ್ನು ಕೂರಿಸಬಾರದೆಂಬ ನಿಯಮಕ್ಕೆ ಟೀಚರು ಕಣ್ಣು ಮುಚ್ಚಿದರು. ಒಂದು ಕಣ್ಣು ಹೇಗೂ ಬಾತು ಮುಚ್ಚಿತ್ತು. ಕೂಸನ್ನು ಸೀರೆಯ ತೊಟ್ಟಿಲಿಗೆ ಹಾಕಿದರು.

ಕೈ ಖಾಲಿಯಾದ ಅಸ್ಮಿತಾ ಒಂದು ಗಳಿಗೆ ಏನು ಮಾಡುವುದೆಂದು ತಿಳಿಯದೆ ನಿಂತಳು. ಆಮೇಲೆ ಚಾಪೆಯ ಎದುರು ಸಾಲಿಗೆ ಹೋಗಿ ಕೂತಳು. ಅದು ಮುಫೀದಾಳ ಜಾಗ. ಮುಫೀದಾಳಿಗೂ ನಾಲ್ಕೇ ವರ್ಷ, ಆದರೆ ಅಂಗನವಾಡಿಗೆ ಅವಳೇ ಯಜಮಾನಿ.

“ಏ, ಇದು ನಂದು! ಏಳು!” ಎಂದು ತಳ್ಳಿದಳು.

ಅಸ್ಮಿತಾಳಿಗೆ ಕನ್ನಡ ಬಾರದು. ಸುಟ್ಟ ಕೈಯಿಂದಲೇ ಕೆನ್ನೆಗೆ ಬಿಟ್ಟಳು. ಮುಫೀದಾ ಅವಳ ಜುಟ್ಟು ಹಿಡಿದಳು. ಇಬ್ಬರೂ ಉರುಳಿದರು, ಪರಚಿದರು, ಆದರೆ ಯಾರೊಬ್ಬಳೂ ಚಾಪೆ ಬಿಟ್ಟು ಕೆಳಗಿಳಿಯಲಿಲ್ಲ.

ಬಿಡಿಸಲು ಎದ್ದ ಗೋದಾವರಿ ಟೀಚರು ಅರ್ಧದಲ್ಲೇ ನಿಂತರು. ಎರಡು ದೇಶದ ಇಬ್ಬರು ಹುಡುಗಿಯರು, ಕೂರುವ ಜಾಗಕ್ಕಾಗಿ. ಆ ನೋಟವನ್ನು ಅವರು ಸ್ವಲ್ಪ ಹೊತ್ತು, ಟೀಚರಾದವರು ನೋಡಬಾರದಷ್ಟು ಹೊತ್ತು, ನೋಡಿದರು. ಆಮೇಲೆ ಒಳಗಿನಿಂದ ಇನ್ನೊಂದು ಚಾಪೆ ತಂದು ಎದುರು ಸಾಲನ್ನೇ ಉದ್ದ ಮಾಡಿದರು.