ಗುಡುಗಣ್ಣನ ಜಮಖಾನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯಿಂದ ಒಬ್ಬರು ದೊಡ್ಡದೊಂದು ದುಂಡು ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕಾಲಿನಿಂದಲೇ ಮೆಟ್ಟಿಲು ತಡಕುತ್ತ ಇಳಿಯುತ್ತಿದ್ದಾರೆ. ಪೆಟ್ಟಿಗೆ ಗೋಡೆಗೆ ತಾಗಬಾರದು. ತಾಗಿದರೆ ಎರಡನೆಯ ಮಹಡಿಯ ನಿವೃತ್ತ ಮೇಷ್ಟ್ರಿಗೆ ಎಚ್ಚರವಾಗುತ್ತದೆ, ಮೇಷ್ಟ್ರಿಗೆ ಎಚ್ಚರವಾದರೆ ಇಡೀ ಕಟ್ಟಡಕ್ಕೇ ಎಚ್ಚರವಾದ ಹಾಗೆ. ಲಿಫ್ಟ್ ಇದೆ, ಇಲ್ಲವೆಂದಲ್ಲ. ಅದು ಕೆಟ್ಟು ಯಾವ ಕಾಲವಾಯಿತೋ, ಈಗ ಅದರೊಳಗೆ ಕಾವಲುಗಾರನ ಪೊರಕೆ ಬಕೆಟ್ಟುಗಳು ಸಂಸಾರ ಹೂಡಿವೆ.

ಇವರು ಒಂದು ರಾಕ್ ಬ್ಯಾಂಡಿನ ಡ್ರಮ್ಮರ್. ಐವತ್ತು ದಾಟಿದೆ, ಎಡ ಮಂಡಿ ಮಾತು ಕೇಳುವುದಿಲ್ಲ. ಕಟ್ಟಡದವರೆಲ್ಲ ಕರೆಯುವುದು ಗುಡುಗಣ್ಣ ಎಂದು. ಪೆಟ್ಟಿಗೆಯನ್ನು ವ್ಯಾನಿಗೆ ತುಂಬಿ ಮತ್ತೆ ಮೇಲೆ ಹತ್ತುತ್ತಾರೆ. ಸಣ್ಣ ಡ್ರಮ್ಮುಗಳು, ಕಬ್ಬಿಣದ ಸ್ಟ್ಯಾಂಡುಗಳು, ಬಾರಿಸುವ ಕಂಚಿನ ತಟ್ಟೆಗಳ ಚೀಲ, ಕೂರುವ ಸ್ಟೂಲು, ಕೊನೆಗೆ ಹಗ್ಗ ಬಿಗಿದ ಜಮಖಾನದ ಸುರುಳಿ. ಸುರುಳಿಯನ್ನು ಹೆಗಲಿಗೇರಿಸುವಾಗ ಸೋಪಿನ ವಾಸನೆ ಮೂಗಿಗೆ ಬಡಿಯುತ್ತದೆ. ಯಾರೋ ಮೆಟ್ಟಿಲು ತೊಳೆದಿರಬೇಕು ಅಂದುಕೊಂಡು ಇಳಿಯುತ್ತಾರೆ.

ಬ್ಯಾಂಡಿನಲ್ಲಿ ಇನ್ನೂ ಮೂವರಿದ್ದಾರೆ, ಮೂವರೂ ಗಟ್ಟಿಮುಟ್ಟಾಗಿಯೇ ಇದ್ದಾರೆ. ಆದರೆ ಭಾರ ಎತ್ತಿದರೆ ಗಾಯಕ ಮಹಾಶಯರ ಗಂಟಲಿಗೆ ಪೆಟ್ಟಾಗುತ್ತದಂತೆ. ಗಿಟಾರಿನವರಿಗೆ ಬೆರಳೇ ಬಂಡವಾಳ. ಬೇಸ್ ಗಿಟಾರಿನವರಿಗೆ ಸೊಂಟನೋವು. ಅದು ಸಾಮಾನು ಇಳಿಸುವ ಹೊತ್ತಿಗೆ ಸರಿಯಾಗಿ ಬರುತ್ತದೆ, ಊಟದ ಹೊತ್ತಿಗೆ ಹೇಳಹೆಸರಿಲ್ಲದಂತೆ ಮಾಯವಾಗುತ್ತದೆ.

"ಗಿಟಾರ್ ಆದ್ರೆ ಹೆಗಲಿಗೆ ನೇತಾಕ್ಕೊಂಡು ಹೊರಟ್ರೆ ಆಯ್ತು. ಹಾಡೋನು ಬರೀ ಬಾಯಿ ತಗೊಂಡು ಬಂದ್ರೂ ನಡೆಯುತ್ತೆ" ಎನ್ನುತ್ತಾರೆ ಗುಡುಗಣ್ಣ, ವ್ಯಾನಿನ ಬಾಗಿಲಿಗೆ ಒರಗಿ ಮಂಡಿ ಉಜ್ಜಿಕೊಳ್ಳುತ್ತ. "ನಾನು ಮಾತ್ರ ಮನೆ ಖಾಲಿ ಮಾಡ್ಕೊಂಡು ಬಂದೋರ ಥರ ಬರಬೇಕು. ಪ್ರತಿ ಸಲಾನೂ."

ಹಾಗೆ ನೋಡಿದರೆ ಅವರಿಗೆ ಡ್ರಮ್ಮು ಬಾರಿಸುವ ಆಸೆಯೇ ಇರಲಿಲ್ಲ. ಕಾಲೇಜಿನಲ್ಲಿ ನಾಲ್ವರು ಗೆಳೆಯರು ಸೇರಿ ಬ್ಯಾಂಡ್ ಕಟ್ಟುವುದೆಂದು ಮಾತಾದಾಗ ಇವರ ಕಣ್ಣಿದ್ದದ್ದು ಗಿಟಾರಿನ ಮೇಲೆ. ಮೊದಲ ದಿನ ಬಸ್ಸು ತಪ್ಪಿ ತಡವಾಗಿ ಬಂದರು. ಅಷ್ಟರಲ್ಲಿ ಉಳಿದವರು ಬೇಕುಬೇಕಾದ್ದನ್ನು ಹಂಚಿಕೊಂಡಾಗಿತ್ತು, ಮೂಲೆಯಲ್ಲಿ ಯಾರಿಗೂ ಬೇಡವಾದ ಡ್ರಮ್ಮುಗಳು ಕೂತಿದ್ದವು. ಅಂದಿನಿಂದ ಎಲ್ಲಿಗೆ ಹೋಗುವುದಿದ್ದರೂ ಎಲ್ಲರಿಗಿಂತ ಮೊದಲು ಹೋಗುವವರು ಇವರೇ. ವಾರದ ದಿನಗಳಲ್ಲಿ ವಾದ್ಯಗಳ ಅಂಗಡಿಯೊಂದರಲ್ಲಿ ಕೆಲಸ: ಹರಿದ ಡ್ರಮ್ಮಿಗೆ ಹೊಸ ಹೊದಿಕೆ ಬಿಗಿಯುವುದು, ಶಾಲೆ ಬಿಟ್ಟ ಮಕ್ಕಳಿಗೆ ತಾಳ ಹೇಳಿಕೊಡುವುದು. ಆ ಮಕ್ಕಳಲ್ಲೂ ಅರ್ಧದಷ್ಟು ಮಂದಿ ಗಿಟಾರ್ ತರಗತಿಯಲ್ಲಿ ಜಾಗ ಸಿಗದೆ ಬಂದವರು.

ಬ್ಯಾಂಡಿನ ಹಳೆಯ ಫೋಟೋಗಳನ್ನು ಗುಡುಗಣ್ಣನ ಹೆಂಡತಿ ಮನೆಗೆ ಬಂದವರ ಮುಂದೆ ಹಾಸಿಗೆಯ ಮೇಲೆ ಹರವುತ್ತಾರೆ. ಗಾಯಕರು ಎಲ್ಲದರಲ್ಲೂ ಇದ್ದಾರೆ, ಕೆಲವುಗಳಲ್ಲಿ ಅವರು ಮಾತ್ರ ಇದ್ದಾರೆ. ಗುಡುಗಣ್ಣನ ಮುಖಕ್ಕೆ ಸರಿಯಾಗಿ ಯಾವುದಾದರೊಂದು ಕಂಚಿನ ತಟ್ಟೆ ಅಡ್ಡ ಬಂದಿರುತ್ತದೆ. "ಮದುವೆಗೆ ಮುಂಚೆ ಇವರ ಮನೆಯವರು ಕಳಿಸಿದ್ದು ಇದೇ ಫೋಟೋ" ಎಂದು ಒಂದನ್ನು ಎತ್ತಿ ತೋರಿಸುತ್ತಾರೆ. "ಬರೀ ಮೊಣಕೈ ನೋಡಿ ಒಪ್ಪಿಕೊಂಡೋಳು ನಾನೊಬ್ಬಳೇ ಇರಬೇಕು." ಗಂಡನ ಮೇಲೆ ರೇಗುವುದನ್ನು ಅವರು ಎಂದೋ ಬಿಟ್ಟಿದ್ದಾರೆ. ಈಗ ಅವರ ಸಿಟ್ಟೆಲ್ಲ ಉಳಿದ ಮೂವರ ಮೇಲೆ.

ಅದಕ್ಕೆ ಕಾರಣವಿದೆ. ಹೋದ ತಿಂಗಳು ಕಾರ್ಯಕ್ರಮ ಮುಗಿದ ಮೇಲೆ ದೊಡ್ಡ ಡ್ರಮ್ಮು ಹೊತ್ತು ವೇದಿಕೆಯಿಂದ ಇಳಿಯುವಾಗ ಗುಡುಗಣ್ಣನ ಮಂಡಿ ಹಿಡಿದುಕೊಂಡಿತು, ನಡುಮೆಟ್ಟಿಲಲ್ಲೇ ಕೂತುಬಿಟ್ಟರು. ಮೂವರೂ ಅಲ್ಲೇ ಕೆಳಗೆ ಅಭಿಮಾನಿಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ಮರುದಿನ ಗುಡುಗಣ್ಣ ಮೂವರನ್ನೂ ಕರೆದು ಹೇಳಿದರು: ಮುಂದಿನ ಸಲ ನಿಮ್ಮಲ್ಲಿ ಒಬ್ಬನಾದರೂ ಬಂದು ಒಂದಾದರೂ ಸಾಮಾನು ಎತ್ತಬೇಕು, ಇಲ್ಲದಿದ್ದರೆ ಅದೇ ನನ್ನ ಕೊನೆಯ ಕಾರ್ಯಕ್ರಮ, ಆಮೇಲೆ ತಾಳಕ್ಕೆ ಮಷೀನು ತಂದುಕೊಳ್ಳಿ. ಇಂಥ ಬೆದರಿಕೆಗಳನ್ನು ಹಿಂದೆಯೂ ಹಾಕಿದ್ದುಂಟು. ಆದರೆ ಈ ಸಲ ಕೂಗಾಡಲಿಲ್ಲ, ಮೆಲ್ಲಗೆ ಹೇಳಿದರು. ಹೆಂಡತಿಗೆ ಹೆದರಿಕೆಯಾಗಿದ್ದು ಅದಕ್ಕೇ.

ಇವತ್ತು ಬೆಳಿಗ್ಗೆಯೂ ಯಾರೂ ಬರಲಿಲ್ಲ. ಗುಡುಗಣ್ಣ ಇನ್ನೊಮ್ಮೆ ರಸ್ತೆಯ ಆ ತುದಿ ಈ ತುದಿ ನೋಡಿ, ವ್ಯಾನಿನ ಬಾಗಿಲು ಧಡಾರನೆ ಹಾಕುತ್ತಾರೆ. ಮೇಷ್ಟ್ರು ಏಳಲಿ ಬಿಡಿ, ಇನ್ನೇನು ಅವರಿಗೂ ಈ ಗದ್ದಲ ಇದೇ ಕೊನೆ.

ಕಾರ್ಯಕ್ರಮ ಮಧ್ಯಾಹ್ನ, ಕಾಲೇಜೊಂದರ ಮೈದಾನದಲ್ಲಿ. ನಾಲ್ಕೈದು ಬ್ಯಾಂಡುಗಳು ಸಾಲಾಗಿ ಹತ್ತಿ ಇಳಿಯಬೇಕು. ಹಿಂದಿನವರು ಇಳಿದು ಇವರು ಶುರುಮಾಡುವುದರ ನಡುವೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಿಕ್ಕರೆ ಪುಣ್ಯ. ಅಷ್ಟರಲ್ಲಿ ಡ್ರಮ್ಮುಗಳು ಕೂರಬೇಕಾದಲ್ಲೇ ಕೂರಬೇಕು. ಅದಕ್ಕೇ ಆ ಜಮಖಾನ. ಅದರ ಮೇಲೆ ಪ್ರತಿಯೊಂದು ಸ್ಟ್ಯಾಂಡಿನ ಪ್ರತಿಯೊಂದು ಕಾಲಿಗೂ ಬಣ್ಣದ ಟೇಪಿನ ಗುರುತಿದೆ, ಗುಡುಗಣ್ಣ ವರ್ಷಗಟ್ಟಲೆ ಸರಿಸಿ ಸರಿಸಿ ಅಂಟಿಸಿಕೊಂಡದ್ದು. ಮಂಡಿ ಕೆಟ್ಟಾಗ ಕಾಲಲ್ಲಿ ಒತ್ತುವ ಪೆಡಲಿನ ಗುರುತು ಗೇಣುದ್ದ ಹತ್ತಿರ ಬಂತು, ಭುಜ ಸೋತಾಗ ತಟ್ಟೆಗಳು ಸರಿದವು. ಮುಂದುಗಡೆ ಒಂದು ಮರದ ತುಂಡನ್ನು ಜಮಖಾನಕ್ಕೇ ಬಿಗಿದಿದ್ದರು. ದೊಡ್ಡ ಡ್ರಮ್ಮನ್ನು ಬಾರಿಸುವುದು ಕಾಲಲ್ಲಿ. ಒಂದೇ ಸಮನೆ ಒದೆಸಿಕೊಂಡರೆ ಅದೂ ಮುಂದೆ ಜಾರದೆ ಇನ್ನೇನು ಮಾಡೀತು? ಆ ತುಂಡು ಅದನ್ನು ತಡೆದು ನಿಲ್ಲಿಸುತ್ತಿತ್ತು.

ವೇದಿಕೆಯ ಮೇಲೆ ಹಗ್ಗ ಬಿಚ್ಚಿ ಜಮಖಾನ ಹಾಸುತ್ತಾರೆ. ಕೆಂಪಗೆ, ಹೊಚ್ಚಹೊಸದರ ಹಾಗೆ ಹೊಳೆಯುತ್ತಿದೆ. ಟೇಪಿಲ್ಲ. ಮರದ ತುಂಡಿಲ್ಲ.

"ಹೆಂಗಿದೆ?" ಎಂದು ಗಾಯಕರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ, ಮುಖದ ತುಂಬ ನಗು. "ನೀನು ಬೇಜಾರು ಮಾಡ್ಕೊಂಡಿದ್ದೆ ಅಂತ ಮೊನ್ನೆ ನಿಮ್ಮ ಮನೆ ಬಾಗಿಲಾಚೆ ಇದ್ದದ್ದನ್ನ ಎತ್ಕೊಂಡು ಹೋಗಿ ನಾನೇ ಲಾಂಡ್ರಿಗೆ ಕೊಟ್ಟು ಒಗೆಸಿದೆ ಕಣೋ. ಎಷ್ಟು ಕಸ ಅಂಟಿಕೊಂಡಿತ್ತು ಗೊತ್ತಾ? ಯಾವುದೋ ಮರದ ಚೂರು ಕೂಡ ಇತ್ತು. ನಿನ್ನೆ ನೀನು ಅಂಗಡೀಲಿದ್ದಾಗ ನಾನೇ ಹೊತ್ಕೊಂಡು ಹೋಗಿ ಮತ್ತೆ ಅಲ್ಲೇ ಇಟ್ಟು ಬಂದೆ."

ಇಷ್ಟು ವರ್ಷಗಳಲ್ಲಿ ಅವರು ಮಾಡಿದ ಮೊದಲ ಉಪಕಾರ ಇದು. ಗುಡುಗಣ್ಣ ಜಮಖಾನದ ಮೂಲೆ ಎತ್ತಿ ಅಡಿಯಲ್ಲೂ ನೋಡುತ್ತಾರೆ. ಬೈಯೋಣವೆಂದರೆ ಆ ಮನುಷ್ಯ ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತಿದ್ದಾರೆ. ತಲೆ ಚಚ್ಚಿಕೊಳ್ಳೋಣವೆಂದರೆ ಅದಕ್ಕೂ ಸಮಯವಿಲ್ಲ. ಅಂದಾಜಿನ ಮೇಲೆ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಹಲ್ಲು ಕಚ್ಚಿ ಸ್ಟೂಲಿನ ಮೇಲೆ ಕೂರುತ್ತಾರೆ.

ಮೊದಲ ಹಾಡು ಹೇಗೋ ದಾಟುತ್ತದೆ. ಎರಡನೆಯದರಲ್ಲಿ ದೊಡ್ಡ ಡ್ರಮ್ಮು ಹೊರಡುತ್ತದೆ. ಒಗೆದ ಜಮಖಾನ, ನುಣ್ಣನೆಯ ವೇದಿಕೆ, ಹಿಡಿಯುವವರಿಲ್ಲ. ಒಂದೊಂದು ಒದೆತಕ್ಕೂ ಇಷ್ಟಿಷ್ಟೇ ಮುಂದೆ. ಗುಡುಗಣ್ಣ ಸ್ಟೂಲನ್ನೂ ಎಳೆದುಕೊಂಡು ಹಿಂದೆ ಹಿಂದೆಯೇ ಹೋಗುತ್ತಾರೆ, ಎಡಗೈಗೆ ತಟ್ಟೆ ಸಿಗುತ್ತಿಲ್ಲ. ಡ್ರಮ್ಮು ಹೋಗಿ ಗಾಯಕರ ಮೀನಖಂಡಕ್ಕೆ ಮುಟ್ಟುತ್ತದೆ. ಹಾಡುವಾಗ ಹಿಂದೆ ತಿರುಗುವ ಅಭ್ಯಾಸ ಅವರಿಗಿಲ್ಲ, ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಡ್ರಮ್ಮೂ ಹೋಗುತ್ತದೆ. ಇನ್ನೊಂದು ಹೆಜ್ಜೆ. ವೇದಿಕೆಯ ಅಂಚು ಬಂದಾಗ ಬೇರೆ ದಾರಿಯಿಲ್ಲದೆ ತಿರುಗಿ ನೋಡುತ್ತಾರೆ.

ಕಾಲು ಉದ್ದಕ್ಕೆ ಚಾಚಿ, ಅರ್ಧ ಸ್ಟೂಲಿನ ಮೇಲೆ ಅರ್ಧ ಗಾಳಿಯಲ್ಲಿ ಇದ್ದು, ಬೆವರು ಸುರಿಸುತ್ತ, ಆದರೂ ತಾಳ ಬಿಡದ ಗೆಳೆಯ ಅವರ ಕಣ್ಣಿಗೆ ಬೀಳುತ್ತಾರೆ. ಮುಖಕ್ಕೆ ಅಡ್ಡವಾಗಿ ತಟ್ಟೆಯಿಲ್ಲ, ತಟ್ಟೆಗಳೆಲ್ಲ ಹಿಂದೆ ಉಳಿದಿವೆ. ಗಾಯಕರು ಹಾಡು ನಿಲ್ಲಿಸುವುದಿಲ್ಲ. ನೆಲದ ಮೇಲೆ ಕುಕ್ಕರಿಸಿ, ಡ್ರಮ್ಮಿಗೆ ಬೆನ್ನು ಕೊಟ್ಟು, ಅಂಚಿನಲ್ಲಿದ್ದ ಸ್ಪೀಕರಿಗೆ ಎರಡೂ ಕಾಲು ಒತ್ತಿ, ಕೊನೆಯ ಹಾಡಿನವರೆಗೂ ಕೂತೇ ಹಾಡುತ್ತಾರೆ. ಪ್ರತಿ ಒದೆತವೂ ಬೆನ್ನುಮೂಳೆಗೆ. ಮೈದಾನದ ಹುಡುಗರು ಇದೇನೋ ಹೊಸ ಸ್ಟೈಲ್ ಇರಬೇಕೆಂದು ಶಿಳ್ಳೆ ಹೊಡೆಯುತ್ತಾರೆ.

ಹಾಡು ಮುಗಿದ ಮೇಲೆ ಅವರನ್ನು ಎಬ್ಬಿಸಿ ನಿಲ್ಲಿಸಬೇಕಾಗುತ್ತದೆ. "ಯಾವಾಗಲೂ ಇಷ್ಟು ಜೋರಾಗೇ ಒದೀತೀಯಾ?" ಎಂದು ಕೇಳುತ್ತಾರೆ. ಗುಡುಗಣ್ಣ ಹೂಂ ಎನ್ನುತ್ತಾರೆ, ಅಷ್ಟೇ.

ಸಂಜೆ ಕಟ್ಟಡದ ಮೆಟ್ಟಿಲಲ್ಲಿ ದಡದಡ ಸದ್ದು. ಗಾಯಕ ಮಹಾಶಯರು ದೊಡ್ಡ ಡ್ರಮ್ಮಿನ ಪೆಟ್ಟಿಗೆ ಹೊತ್ತಿದ್ದಾರೆ, ತಿರುವು ತಿರುವಿನಲ್ಲೂ ಗೋಡೆಗೆ ಬಡಿಯುತ್ತಿದ್ದಾರೆ. ಎರಡನೆಯ ಮಹಡಿಯ ಬಾಗಿಲು ತೆರೆಯುತ್ತದೆ, ಮೇಷ್ಟ್ರು ಅವರನ್ನು ಚೆನ್ನಾಗಿ ಝಾಡಿಸುತ್ತಾರೆ. ಹಿಂದೆ ಸ್ಟೂಲೊಂದನ್ನೇ ಹಿಡಿದು ಬರುತ್ತಿರುವ ಗುಡುಗಣ್ಣ ಮಧ್ಯೆ ಬಾಯಿ ಹಾಕುವುದಿಲ್ಲ. ಬೈಗುಳ ಪೂರ್ತಿ ಮುಗಿಯುವವರೆಗೆ ಗೋಡೆಗೊರಗಿ ನಿಂತು ಕೇಳುತ್ತಾರೆ.

ಗೆಳೆಯ ಹೋದ ಮೇಲೆ ಜಮಖಾನವನ್ನು ನಡುಮನೆಯಲ್ಲಿ ಹಾಸಿ, ಡ್ರಮ್ಮುಗಳನ್ನು ಜೋಡಿಸಿಕೊಂಡು, ಟೇಪಿನ ಉರುಳೆ ಹಿಡಿದು ಮಂಡಿಯೂರುತ್ತಾರೆ. ಒಂದು ಕಾಲಿಗೆ ಗುರುತು, ಎದ್ದು ಕೂತು ನೋಡುವುದು, ಕಿತ್ತು ಮತ್ತೆ ಅಂಟಿಸುವುದು. ಗೊಣಗಾಟ ನಿಂತಿಲ್ಲ. ಜಮಖಾನ ಒಂದನ್ನು ಬಿಟ್ಟು ಏನು ಬೇಕಾದರೂ ಎತ್ತಲಿ, ತನ್ನದು ಅದೊಂದೇ ಬೇಡಿಕೆ ಎನ್ನುತ್ತಾರೆ.

"ಕೊನೇ ಕಾರ್ಯಕ್ರಮ ಅಂದಿದ್ರಲ್ಲ, ಈಗ ಟೇಪ್ ಯಾಕೆ?" ಎಂದು ಹೆಂಡತಿ ಕೇಳುತ್ತಾರೆ. ಗುಡುಗಣ್ಣ ಟೇಪು ಎಳೆಯುತ್ತಲೇ ಇದ್ದಾರೆ. ಹೆಂಡತಿ ಬಗ್ಗಿ ನೋಡುತ್ತಾರೆ. ದೊಡ್ಡ ಡ್ರಮ್ಮಿನ ಮುಂದೆ, ಮೊದಲು ಮರದ ತುಂಡಿದ್ದ ಕಡೆ, ಒಬ್ಬ ಮನುಷ್ಯ ಕೂರುವಷ್ಟು ಅಗಲಕ್ಕೆ ಹಳದಿ ಟೇಪಿನ ಚೌಕ.

"ಇದ್ಯಾವುದಕ್ಕೆ?"

"ಅವನಿಗೆ" ಎನ್ನುತ್ತಾರೆ ಗುಡುಗಣ್ಣ, ಟೇಪನ್ನು ಹಲ್ಲಿನಿಂದ ಹರಿಯುತ್ತ. "ಮರದ ತುಂಡು ಕಿತ್ತು ಬಿಸಾಕಿಸಿದೋನು ಅವನೇ ತಾನೇ? ಇನ್ಮೇಲೆ ಅಲ್ಲೇ ಕೂತ್ಕೊಂಡು ಹಾಡಲಿ."